ಆಯಿಲ್ ಸೋರಿಕೆ ಮತ್ತು ಆಯಿಲ್ ಪ್ರೆಶರ್

ಹಳೆಯ ಕಾರಿನಡಿ ಆಯಿಲ್ ತೊಟ್ಟಿಕ್ಕುವುದೂ ಆಯಿಲ್ ಪ್ರೆಶರ್ ಏರಿಳಿಯುವುದೂ ಸಾಮಾನ್ಯವಾಗಿ ಬೇರೆ ಬೇರೆ ಕಾಯಿಲೆಗಳು. ಟ್ಯಾಪೆಟ್ ಕವರಿನ ಪ್ಯಾಕಿಂಗ್ ಒಣಗಿ ಎಂಜಿನ್ನಿನ ಮೈಯೆಲ್ಲ ಜಿಡ್ಡಾದರೂ ಪ್ರೆಶರ್ ಕದಲದಿರಬಹುದು. ಒಂದು ಹನಿಯೂ ಸೋರದ ಎಂಜಿನ್ನಿನ ಬೇರಿಂಗ್ ಸವೆದು ಪ್ರೆಶರ್ ಕುಸಿದಿರಬಹುದು. ಎರಡಕ್ಕೂ ನಂಟು ಬೀಳುವುದು ಸೋರಿ ಸೋರಿ ಆಯಿಲ್ ಡಿಪ್‌ಸ್ಟಿಕ್ಕಿನ ಕೆಳಗೆರೆಗಿಂತ ಇಳಿದಾಗ. ಹಾಗಾಗಿ ಮಟ್ಟಸವಾದ ನೆಲದಲ್ಲಿ ಕಾರು ನಿಲ್ಲಿಸಿ, ಎಂಜಿನ್ ಆರಿಸಿ ಹತ್ತು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ನೋಡುವುದೇ ಮೊದಲ ಕೆಲಸ.

ಕಡೂರು, ಅಜ್ಜಂಪುರದ ಬಯಲಿನಲ್ಲಿ ಓಡುವ ಕಾರಿಗೆ ಧೂಳೂ ಒಂದು ಉಪಕಾರ ಮಾಡುತ್ತದೆ: ಜಿಡ್ಡಿದ್ದಲ್ಲಿ ಅಂಟಿ ಕಪ್ಪಗೆ ಹೆಪ್ಪುಗಟ್ಟುತ್ತದೆ. ಆದರೆ ಹೆಪ್ಪು ತೋರಿಸುವುದು ಆಯಿಲ್ ಹರಡಿದ ಜಾಗವನ್ನು, ಹೊರಟ ಜಾಗವನ್ನಲ್ಲ. ಓಡುವಾಗ ಗಾಳಿ ಆಯಿಲನ್ನು ಹಿಂದಕ್ಕೆ ತಳ್ಳುತ್ತದೆ, ಅದು ತಾನಾಗಿ ಕೆಳಕ್ಕಿಳಿಯುತ್ತದೆ. ಮೂಲವನ್ನು ಹುಡುಕಬೇಕಾದದ್ದು ಒದ್ದೆಯ ತೀರ ಮೇಲಿನ, ತೀರ ಮುಂದಿನ ಅಂಚಿನಲ್ಲಿ. ಎಂಜಿನ್ ತೊಳೆದು ಒಣಗಿಸಿ, ಅನುಮಾನವಿದ್ದಲ್ಲಿ ಮುಖದ ಪೌಡರ್ ಉದುರಿಸಿ, ಕಡೂರಿನಿಂದ ಬೀರೂರಿಗೆ ಹೋಗಿಬಂದರೆ ಹೊಸ ಗೆರೆ ಮೂಡುತ್ತದೆ. ಪ್ರೆಶರ್ ಸ್ವಿಚ್ಚಿನ ಬುಡ, ಫಿಲ್ಟರ್, ಕ್ರ್ಯಾಂಕ್ ಸೀಲ್, ಡ್ರೈನ್ ಬೋಲ್ಟಿನ ವಾಷರ್ ಇವೂ ಸೋರುವ ಜಾಗಗಳೇ.

ಒಮ್ಮೆಲೇ ಮೂರ್ನಾಲ್ಕು ಕಡೆ ಸೋರತೊಡಗಿದರೆ ಸೀಲುಗಳನ್ನು ಬೈಯುವ ಮೊದಲು ಬ್ರೀದರ್ ಪೈಪ್ ಬಿಚ್ಚಿ ನೋಡಬೇಕು. ಅದು ಕಟ್ಟಿಕೊಂಡರೆ ಒಳಗಿನ ಅನಿಲ ಆಯಿಲನ್ನು ಸಿಕ್ಕ ಸಂದಿನಲ್ಲೆಲ್ಲ ಹೊರದಬ್ಬುತ್ತದೆ. ಪೈಪ್ ಸ್ವಚ್ಛವಿದ್ದೂ ಹೊಗೆ ಉಗುಳುತ್ತಿದ್ದರೆ ಪಿಸ್ಟನ್ ರಿಂಗ್ ಸವೆದಿರುವ ಸಂಭವ ಹೆಚ್ಚು. 2014ರಲ್ಲಿ ತಯಾರಿಕೆ ನಿಂತ ಅಂಬಾಸಿಡರಿನದು ಬೇರೆ ಕಥೆ. ಅದರ ಹಳೆಯ 1489 ಸಿಸಿ ಎಂಜಿನ್ನಿನ ಹಿಂಬದಿಯಲ್ಲಿ ರಬ್ಬರ್ ಸೀಲ್ ಇಲ್ಲ. ಶಾಫ್ಟಿನ ಮೇಲಿನ ತಿರುಪಿನಂಥ ಗೀರು ತಿರುಗುತ್ತ ಆಯಿಲನ್ನು ಒಳಕ್ಕೆ ಮರಳಿಸುತ್ತದೆ. ನಿಲ್ಲಿಸಿದ ಮೇಲೆ ನಾಲ್ಕು ಹನಿ ಬಿದ್ದರೆ ಅದು ರೋಗವಲ್ಲ, ಸ್ವಭಾವ.

ಪ್ರೆಶರಿನ ಲೆಕ್ಕವನ್ನು ಅಡಿಕೆ ತೋಟದ ಡ್ರಿಪ್ ಪೈಪಿನಿಂದ ತಿಳಿಯಬಹುದು: ಪಂಪು ಅದೇ ಆದರೂ ತೂತುಗಳು ದೊಡ್ಡದಾದರೆ ನೀರಿನ ಬಿರುಸು ತಗ್ಗುತ್ತದೆ. ಎಂಜಿನ್ನಿನಲ್ಲಿ ಆ ತೂತು ಎಂದರೆ ಬೇರಿಂಗಿನ ಸಂದು. ಬಿಸಿಯಾದ ಅಂಬಾಸಿಡರ್ ಎಂಜಿನ್ ಓಡುವಾಗ ಚದರ ಇಂಚಿಗೆ ಸುಮಾರು 50 ಪೌಂಡ್, ನಿಂತಲ್ಲೇ ಐಡ್ಲಿಂಗ್‌ನಲ್ಲಿದ್ದಾಗ 15ರ ಆಸುಪಾಸು ಇದ್ದರೆ ಆರೋಗ್ಯ. ತಣ್ಣಗಿದ್ದಾಗ ಚೆನ್ನಾಗಿದ್ದು, ಬಿಸಿಯಾದ ಮೇಲೆ ಐಡ್ಲಿಂಗ್‌ನಲ್ಲಿ ತೀರ ಇಳಿದರೆ ಬೇರಿಂಗ್ ಸವೆದಿರಬಹುದು, ಇಲ್ಲವೇ ಆಯಿಲ್ ತೆಳುವಾಗಿರಬಹುದು. ಡಿಪ್‌ಸ್ಟಿಕ್ಕಿಗೆ ಪೆಟ್ರೋಲ್ ವಾಸನೆಯಿದ್ದರೆ ಹಳೆಯ ಫ್ಯೂಯಲ್ ಪಂಪಿನ ಡಯಾಫ್ರಮ್ ಹರಿದು ಪೆಟ್ರೋಲ್ ಎಂಜಿನ್ ತಳದ ಆಯಿಲ್ ಸಂಪಿಗೆ ಇಳಿಯುತ್ತಿರಬಹುದು. ದಪ್ಪ ಆಯಿಲ್ ಸುರಿದು ಪ್ರೆಶರ್ ಮೀಟರಿನ ಮುಳ್ಳನ್ನು ಮೇಲೇರಿಸುವುದು ಕಾರು ಮಾರುವವರ ಉಪಾಯ. ಸವೆದ ಬೇರಿಂಗ್ ಅದರಿಂದ ಸರಿಹೋಗದು.

ಒಮ್ಮೆ ಇಳಿದು ಒಮ್ಮೆ ಏರುವ ಪ್ರೆಶರಿಗೆ ಘಟ್ಟದ ರಸ್ತೆಯೇ ಪರೀಕ್ಷೆ. ತರೀಕೆರೆಯಿಂದ ಲಿಂಗದಹಳ್ಳಿಯ ಮೇಲೆ ಕೆಮ್ಮಣ್ಣುಗುಂಡಿಗೆ ಹೋಗುವಾಗ ದಾರಿ ಸುಮಾರು 700 ಮೀಟರ್ ಏರುತ್ತದೆ. ಏರಿನಲ್ಲಿ ಸಂಪಿನ ಆಯಿಲ್ ಹಿಂದಕ್ಕೂ ತಿರುವಿನಲ್ಲಿ ಪಕ್ಕಕ್ಕೂ ಸರಿಯುತ್ತದೆ. ಮಟ್ಟ ಕಡಿಮೆಯಿದ್ದರೆ ಪಂಪಿನ ಜಾಲರಿ ಗಾಳಿ ಹೀರುತ್ತದೆ, ಆಯಿಲ್ ಪ್ರೆಶರಿನ ದೀಪ ಮಿಣುಕುತ್ತದೆ. ಬಯಲಿನಲ್ಲೂ ಹೀಗಾದರೆ ಜಾಲರಿಗೆ ಗಸಿ ಕಟ್ಟಿರಬಹುದು, ಕಸ ಸಿಕ್ಕಿ ರಿಲೀಫ್ ವಾಲ್ವ್ ಅರ್ಧಕ್ಕೇ ನಿಂತಿರಬಹುದು. ಗುಂಡಿಗೆ ಬಿದ್ದಾಗಲಷ್ಟೇ ಮುಳ್ಳು ಹಾರಿದರೆ ವೈರು ಸಡಿಲ. ಸಂಪ್ ಬಿಚ್ಚುವ ಮೊದಲು ಸ್ವಿಚ್ ತೆಗೆದು ಅದೇ ಜಾಗಕ್ಕೆ ಮೆಕ್ಯಾನಿಕ್ಕಿನ ಗೇಜ್ ಹಾಕಿ ಅಳೆದರೆ ಮೀಟರಿನ ಸುಳ್ಳೂ ಎಂಜಿನ್ನಿನ ನಿಜವೂ ಬೇರ್ಪಡುತ್ತವೆ. ದೀಪದೊಂದಿಗೆ ಕಟಕಟ ಸದ್ದೂ ಕೇಳಿದರೆ ಅಳತೆಗೆ ಕಾಯದೆ ಅಲ್ಲೇ ಎಂಜಿನ್ ಆರಿಸಿ, ಕಾರನ್ನು ಎಳೆಸಿಕೊಂಡು ಹೋಗಬೇಕು.