ಡಿಗ್ರಿಗೂ ಪಿಎಚ್‌ಡಿಗೂ ನಡುವೆ ಒಂದು ಮೆಟ್ಟಿಲು

ನಮ್ಮ ಮನೆಗಳಲ್ಲಿ ಮಕ್ಕಳು ಪಿಯುಸಿಗೆ ಸೈನ್ಸ್ ತಗೊಂಡರೆ ಮೊದಲು ಬರುವ ಮಾತು ನೀಟ್. ಸೀಟು ಸಿಗದಿದ್ದರೆ ಬಿಎಸ್ಸಿ. ಅದು ಮುಗಿದರೆ ಹುಡುಗನಿಗೆ ಗಲ್ಫ್ ವೀಸಾ, ಹುಡುಗಿಗೆ ಬಿಎಡ್ ಇಲ್ಲವೇ ಮದುವೆ. ಕಾಯಿಲೆ ಯಾಕೆ ಬರುತ್ತದೆ, ಮದ್ದು ದೇಹದೊಳಗೆ ಹೇಗೆ ಕೆಲಸ ಮಾಡುತ್ತದೆ ಎಂದು ಹುಡುಕುವ ಜೀವವೈದ್ಯಕೀಯ ಸಂಶೋಧನೆಯ ದಾರಿಯೂ ಒಂದಿದೆ. ಅದನ್ನು ತೋರಿಸಿಕೊಡುವವರು ನಮ್ಮಲ್ಲಿ ಕಡಿಮೆ.

ಬೆಂಗಳೂರಿನ ಸಿಂಗಾಪುರ, ವಿದ್ಯಾರಣ್ಯಪುರ, ಯಲಹಂಕ ಕಡೆ ಇರುವವರಿಗಂತೂ ಆ ದಾರಿ ಮನೆ ಹತ್ತಿರವೇ ಇದೆ. ಬಳ್ಳಾರಿ ರಸ್ತೆಯ ಜಿಕೆವಿಕೆ ಆವರಣದಲ್ಲಿ ಎನ್‌ಸಿಬಿಎಸ್, ಪಕ್ಕದಲ್ಲೇ ಇನ್‌ಸ್ಟೆಮ್, ಜಕ್ಕೂರಿನಲ್ಲಿ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ, ಯಶವಂತಪುರದ ಬಳಿ ಐಐಎಸ್ಸಿ. ಎನ್‌ಸಿಬಿಎಸ್‌ನ ಸ್ಥಾಪಕ ನಿರ್ದೇಶಕರು ಡಾ. ಒಬೈದ್ ಸಿದ್ದೀಕಿ. ಉತ್ತರ ಪ್ರದೇಶದ ಬಸ್ತಿಯವರು. ಅಲಿಗಢದಲ್ಲಿ ಓದಿ, ಗ್ಲಾಸ್ಗೋದಲ್ಲಿ ಪಿಎಚ್‌ಡಿ ಮಾಡಿದರು. ಹಣ್ಣಿನ ನೊಣವನ್ನು ಇಟ್ಟುಕೊಂಡು ವಾಸನೆ, ರುಚಿಯ ಗುಟ್ಟು ಹುಡುಕಿದರು. 2006ರಲ್ಲಿ ಪದ್ಮವಿಭೂಷಣ ಬಂತು. 2013ರಲ್ಲಿ ತೀರಿಕೊಂಡರು.

ಇಂಥ ಕಡೆ ಸೇರಲು ಒಳ್ಳೆಯ ಮಾರ್ಕು ಮಾತ್ರ ಸಾಲದು. ಸಂದರ್ಶನದಲ್ಲಿ ಬಾಯಿಪಾಠ ಕೇಳುವುದಿಲ್ಲ. "ಇದು ನಿಜ ಅಂತ ಹೇಗೆ ತೋರಿಸುತ್ತೀರಿ? ಪ್ರಯೋಗ ಬೇರೆ ಫಲ ಕೊಟ್ಟರೆ ಮುಂದೇನು?" ಎಂಬ ರೀತಿಯ ಪ್ರಶ್ನೆ ಬರುತ್ತದೆ. ಲ್ಯಾಬ್‌ನಲ್ಲಿ ಕೈಯಾರೆ ಕೆಲಸ ಮಾಡದ ಮಗು ಅಲ್ಲಿ ತಡವರಿಸುತ್ತದೆ. ಬುದ್ಧಿ ಕಡಿಮೆ ಅಂತಲ್ಲ, ಅಭ್ಯಾಸ ಇಲ್ಲ ಅಷ್ಟೇ. ಇದನ್ನು ಅರಿತೇ ಅಮೆರಿಕದ ಎನ್‌ಐಎಚ್ ಸಂಸ್ಥೆ 'ಪ್ರೆಪ್' ಎಂಬ ಯೋಜನೆ ತಂದಿತ್ತು. ಸಂಶೋಧನೆಯಲ್ಲಿ ಹಿಂದುಳಿದ ಸಮುದಾಯಗಳ ಪದವೀಧರರಿಗೆ ಸಂಬಳ ಕೊಟ್ಟು, ಒಂದೆರಡು ವರ್ಷ ಲ್ಯಾಬ್‌ನಲ್ಲಿ ಪಳಗಿಸಿ, ಪಿಎಚ್‌ಡಿಗೆ ತಯಾರು ಮಾಡುವುದು.

ನಮ್ಮಲ್ಲಿ ಆ ಮೆಟ್ಟಿಲನ್ನು ನಾವೇ ಜೋಡಿಸಿಕೊಳ್ಳಬೇಕು. ಬಿಎಸ್ಸಿ ಓದುವಾಗಲೇ ವಿಜ್ಞಾನ ಅಕಾಡೆಮಿಗಳ ಬೇಸಿಗೆ ಫೆಲೋಶಿಪ್‌ಗೆ ಅರ್ಜಿ ಹಾಕಬಹುದು. ಜಕ್ಕೂರಿನ ಕೇಂದ್ರದಲ್ಲೂ ಬೇಸಿಗೆ ಫೆಲೋಶಿಪ್ ಇದೆ. ಓದು ಮುಗಿದ ಮೇಲೆ ಪ್ರಾಜೆಕ್ಟ್ ಅಸಿಸ್ಟೆಂಟ್ ಆಗಿ ಒಂದೆರಡು ವರ್ಷ ದುಡಿಯಬಹುದು. ಅದಕ್ಕೆ ಸಂಬಳವೂ ಇದೆ, ಕಲಿಕೆಯೂ ಇದೆ. ಜೊತೆಗೆ ಜೆಗೀಬಿಲ್ಸ್ ಪರೀಕ್ಷೆಗೆ ಓದಿಕೊಳ್ಳಬೇಕು. ಎನ್‌ಸಿಬಿಎಸ್‌ನಲ್ಲಿ ಬಿಎಸ್ಸಿ ಆದವರೂ ಈ ಪರೀಕ್ಷೆ ಬರೆದು ಎಂಎಸ್ಸಿ-ಪಿಎಚ್‌ಡಿ ಸೇರಲು ಅವಕಾಶ ಇದೆ. ಎಂಎಸ್ಸಿ ಮಾಡಿದವರಿಗೆ ಸಿಎಸ್‌ಐಆರ್ ನೆಟ್ ಇದೆ.

"ಇನ್ನೂ ಐದಾರು ವರ್ಷ ಓದಿಸಲು ದುಡ್ಡು ಎಲ್ಲಿಂದ?" ಎಂದು ಬಾಪಂದಿರು ಕೇಳುವುದು ಸಹಜ. ನೆಟ್‌ನಲ್ಲಿ ಜೆಆರ್‌ಎಫ್ ಸಿಕ್ಕಿ ಪಿಎಚ್‌ಡಿ ಸೇರಿದವರಿಗೆ ಸರಕಾರವೇ ಫೆಲೋಶಿಪ್ ಕೊಡುತ್ತದೆ. 2023ರಿಂದ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000. ಮನೆಬಾಡಿಗೆ ಭತ್ಯೆ ಬೇರೆ. ಹೆಣ್ಣುಮಕ್ಕಳಿಗೆ ಜೆಆರ್‌ಎಫ್ ವಯಸ್ಸಿನ ಮಿತಿಯಲ್ಲಿ ಐದು ವರ್ಷ ಸಡಿಲಿಕೆ ಇದೆ. ಅಲ್ಪಸಂಖ್ಯಾತರಿಗೆಂದೇ 2009ರಲ್ಲಿ ಬಂದಿದ್ದ ಮೌಲಾನಾ ಆಝಾದ್ ಫೆಲೋಶಿಪ್ಪನ್ನು ಕೇಂದ್ರ ಸರಕಾರ 2022-23ರಿಂದ ನಿಲ್ಲಿಸಿತು. ನಷ್ಟ ದೊಡ್ಡದೇ. ಆದರೆ ಪರೀಕ್ಷೆ ಬರೆದು ಗೆಲ್ಲುವ ಬಾಗಿಲು ಮುಚ್ಚಿಲ್ಲ.

ಕಷ್ಟ ಇರುವುದು ಆ ನಡುವಿನ ಎರಡು ವರ್ಷದಲ್ಲಿ. "ಅವಳ ಓದು ಮುಗಿಯಲಿಲ್ಲವಾ? ಅವನಿಗೆ ಕೆಲಸ ಆಗಲಿಲ್ಲವಾ?" ಎಂದು ನೆಂಟರು ಕೇಳುವ ಕಾಲ ಅದು. ಮಕ್ಕಳು ಸೋಲುವುದು ಹೆಚ್ಚಾಗಿ ಪರೀಕ್ಷೆಗಲ್ಲ, ಈ ಮಾತಿಗೆ. ಮದುವೆ ಮಾತು ಬಂದರೂ "ಅವಳು ಸಂಶೋಧನೆ ಮುಂದುವರಿಸುತ್ತಾಳೆ" ಎಂದು ಮೊದಲೇ ಹೇಳುವ ಧೈರ್ಯ ಉಮ್ಮ, ಬಾಪನಿಗೆ ಇರಬೇಕು. ಜಮಾಅತ್‌ಗಳು ಸ್ಕಾಲರ್‌ಶಿಪ್ ಕೊಡುವಾಗ ಪರೀಕ್ಷೆ ಶುಲ್ಕ, ಎರಡು ತಿಂಗಳ ಬೇಸಿಗೆ ಲ್ಯಾಬ್‌ಗೆ ಬಸ್ ಖರ್ಚು, ಪಿಜಿ ಬಾಡಿಗೆಯನ್ನೂ ಲೆಕ್ಕಕ್ಕೆ ತಗೊಂಡರೆ ದೊಡ್ಡ ಉಪಕಾರ.

ನಿಮ್ಮ ಮನೆಯಲ್ಲಿ ಬಿಎಸ್ಸಿ ಓದುವ ಮಕ್ಕಳಿದ್ದರೆ, ಮುಂದಿನ ಬೇಸಿಗೆ ರಜೆಗೆ ಎಲ್ಲಿ ಅರ್ಜಿ ಹಾಕಿದ್ದೀಯಾ ಎಂದು ಇವತ್ತೇ ಕೇಳಿ ನೋಡಿ.