3+4 ಮತ್ತು 4+3 ಒಂದೇ ಅಲ್ಲ

ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆಯ ಮನೆಗಳಿಗೆ ಆಸ್ಪತ್ರೆಯ ಇಂಗ್ಲಿಷ್ ರಿಪೋರ್ಟು ಬಂದರೆ ಓದಿ ಹೇಳುವ ಕೆಲಸ ಹೈಸ್ಕೂಲಿಗೆ ಹೋಗುವ ಮಕ್ಕಳ ಪಾಲಿಗೆ ಬರುತ್ತದೆ. ಮುತ್ಯಾನ ರಿಪೋರ್ಟಿನಲ್ಲಿ 'ಕಾರ್ಸಿನೋಮಾ' ಎಂಬ ಶಬ್ದ ಕಂಡರೆ ಸಾಕು, ಮನೆಯಲ್ಲಿ ಅಳು ಆರಂಭ. ಮುಂದಿನ ಅಂಕಿಗಳನ್ನು ಯಾರೂ ಓದುವುದಿಲ್ಲ. ಪ್ರಾಸ್ಟೇಟ್ ಕ್ಯಾನ್ಸರಿನಲ್ಲಿ ಚಿಕಿತ್ಸೆಯ ದಾರಿ ತೋರಿಸುವುದು ಆ ಅಂಕಿಗಳೇ.

ಪ್ರಾಸ್ಟೇಟ್ ಎಂಬುದು ಗಂಡಸರಲ್ಲಿ ಮೂತ್ರಕೋಶದ ಕೆಳಗೆ, ಮೂತ್ರನಾಳವನ್ನು ಸುತ್ತಿಕೊಂಡಿರುವ ಗ್ರಂಥಿ. ವಯಸ್ಸಾದಂತೆ ದೊಡ್ಡದಾಗಿ ಮೂತ್ರಕ್ಕೆ ತೊಂದರೆ ಕೊಡುವುದುಂಟು. ದೊಡ್ಡದಾದದ್ದೆಲ್ಲ ಕ್ಯಾನ್ಸರ್ ಅಲ್ಲ. ಪಿ.ಎಸ್.ಎ. ಎಂಬ ರಕ್ತಪರೀಕ್ಷೆಯ ಅಂಕಿ ಬರೀ ಸೋಂಕಿನಿಂದಲೂ ಏರುತ್ತದೆ. ಗ್ರಂಥಿಯ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದಾಗಲೇ (ಇದೇ ಬಯಾಪ್ಸಿ) ರೋಗ ಖಚಿತ.

ಆ ರಿಪೋರ್ಟಿನಲ್ಲಿ ಗ್ಲೀಸನ್ ಅಂಕವಿರುತ್ತದೆ. ಅಮೆರಿಕದ ಡಾ. ಡೊನಾಲ್ಡ್ ಗ್ಲೀಸನ್ 1966ರಲ್ಲಿ ಪ್ರಕಟಿಸಿದ ಪದ್ಧತಿ ಇದು. ಹೆಚ್ಚಾಗಿ ಕಂಡ ಕೋಶಗಳ ವಿನ್ಯಾಸಕ್ಕೆ ಮೊದಲ ಅಂಕಿ, ಉಳಿದದ್ದಕ್ಕೆ ಎರಡನೆಯದು. ಗಣಿತದ ಮಾಸ್ತರರಿಗೆ 3+4, 4+3 ಎರಡೂ ಏಳೇ. ಇಲ್ಲಿ ಹಾಗಲ್ಲ. 4 ಮೊದಲು ಬಂದರೆ ಬಿರುಸಾದ ಕೋಶಗಳ ಪಾಲು ಹೆಚ್ಚು. 3+3 ಇದ್ದರೆ ರೋಗ ಸಾಮಾನ್ಯವಾಗಿ ಬಹಳ ನಿಧಾನ.

ರೋಗ ಗ್ರಂಥಿಯೊಳಗೇ ಇದ್ದಾಗ ದಾರಿಗಳು ಮೂರು: ಶಸ್ತ್ರಚಿಕಿತ್ಸೆ, ವಿಕಿರಣ, ಇಲ್ಲವೆ ಆಗಾಗ ಪರೀಕ್ಷಿಸುತ್ತ ಕಾಯುವುದು. ಬ್ರಿಟನ್ನಿನಲ್ಲಿ 50ರಿಂದ 69 ವಯಸ್ಸಿನ 1643 ಜನರನ್ನು ಈ ಮೂರು ಗುಂಪು ಮಾಡಿ ಸುಮಾರು 15 ವರ್ಷ ಗಮನಿಸಿದರು. ಫಲಿತಾಂಶ ಬಂದದ್ದು 2023ರಲ್ಲಿ. ಯಾವ ಗುಂಪಿನಲ್ಲೂ ಈ ಕ್ಯಾನ್ಸರಿನಿಂದ ಸತ್ತವರು ನೂರಕ್ಕೆ ಸುಮಾರು ಎರಡು-ಮೂರು ಜನ. ಕಾದವರಲ್ಲಿ ರೋಗ ಹರಡಿದ್ದು ಸುಮಾರು ಎರಡು ಪಟ್ಟು, ಅರ್ಧಕ್ಕಿಂತ ಹೆಚ್ಚು ಜನ ಮುಂದೆ ಚಿಕಿತ್ಸೆ ಪಡೆದರು ಎಂಬುದೂ ನಿಜ. ಆದರೆ ಶಸ್ತ್ರಚಿಕಿತ್ಸೆಯಾದವರಿಗೆ ಮೂತ್ರ ಸೋರುವ ಮತ್ತು ದಾಂಪತ್ಯದ ತೊಂದರೆ ಹೆಚ್ಚು. ವಿಕಿರಣದಲ್ಲಿ ಮಲವಿಸರ್ಜನೆಯ ತೊಂದರೆ. ಇಂಥ ರೋಗಕ್ಕೆ 'ನಾಳೆಯೇ ಕೊಯ್ಯಿರಿ' ಎಂದು ಹೊಲ ಒತ್ತೆ ಇಡಲು ಓಡುವ ಅಗತ್ಯವಿಲ್ಲ.

ಕಷ್ಟವೆಂದರೆ, ಸೊಂಟನೋವು ವಯಸ್ಸಿನದೆಂದು ಸುಮ್ಮನಿದ್ದು, ರೋಗ ಎಲುಬಿಗೆ ಇಳಿದ ಮೇಲೆ ಬರುವವರೂ ಇದ್ದಾರೆ. ಅವರ ಆಯ್ಕೆ ಬೇರೆ. ಗಂಡುಹಾರ್ಮೋನು ಈ ಕ್ಯಾನ್ಸರಿಗೆ ಗೊಬ್ಬರವಿದ್ದಂತೆ. ಅದನ್ನು ತಡೆದರೆ ರೋಗ ಕುಗ್ಗುತ್ತದೆಂದು ಚಾರ್ಲ್ಸ್ ಹಗಿನ್ಸ್ 1941ರಲ್ಲಿ ತೋರಿಸಿದರು, 1966ರಲ್ಲಿ ನೊಬೆಲ್ ಪಡೆದರು. ತಡೆಯಲು ತಿಂಗಳಿಗೋ ಮೂರು ತಿಂಗಳಿಗೋ ಒಂದು ಇಂಜೆಕ್ಷನ್. ಅಥವಾ ಒಂದೇ ಸಲ ವೃಷಣಗಳನ್ನು ತೆಗೆಯುವ ಸಣ್ಣ ಆಪರೇಷನ್. ಹಾರ್ಮೋನು ಇಳಿಸುವುದರಲ್ಲಿ ಎರಡೂ ಸಮ. ಆಪರೇಷನ್ನಿಗೆ ಖರ್ಚು ಒಮ್ಮೆ, ತಿರುಗಾಟ ಕಡಿಮೆ. ಆದರೆ ಮಾಡಿದ್ದನ್ನು ಹಿಂತೆಗೆಯಲಾಗದು. ಇಂಜೆಕ್ಷನ್ ನಿಲ್ಲಿಸಬಹುದು, ಆದರೆ ಕಂತು ತಪ್ಪಿದರೆ ಹಾರ್ಮೋನು ಮತ್ತೆ ಏರುತ್ತದೆ. ಈಗ ಇವುಗಳ ಜೊತೆಗೆ ಮಾತ್ರೆಗಳನ್ನೂ ಕೊಡುತ್ತಾರೆ.

'ಗಂಡಸುತನ ಹೋಯಿತು' ಎಂಬ ಸಂಕಟ ಸಣ್ಣದಲ್ಲ. ತೊಗರಿ ರಾಶಿಯ ಹೊತ್ತಿನಲ್ಲಿ ಇಂಜೆಕ್ಷನ್ನಿಗೆಂದು ಪಟ್ಟಣಕ್ಕೆ ಅಲೆಯುವುದೂ ಸಣ್ಣದಲ್ಲ. ಯಾವುದು ತನಗೆ ಭಾರವೆಂದು ಮುತ್ಯಾನೇ ಹೇಳಬೇಕು. ನಮ್ಮಲ್ಲಿ ಮಕ್ಕಳು ಸುದ್ದಿಯನ್ನೇ ಅವನಿಂದ ಮುಚ್ಚಿಟ್ಟು ತಾವೇ ಸಹಿ ಹಾಕುತ್ತಾರೆ. ಇದು ನನಗೆ ಒಪ್ಪಿಗೆಯಿಲ್ಲ.

ಬೆಂಗಳೂರಿನ ಕಿದ್ವಾಯಿ ಸಂಸ್ಥೆಯ ಶಾಖೆ ಕಲಬುರಗಿಯಲ್ಲಿಯೇ ಇದೆ. ಹೋಗುವಾಗ ಹಳೆಯ ರಿಪೋರ್ಟು, ಫಿಲ್ಮುಗಳ ಜೊತೆ ರೇಷನ್ ಕಾರ್ಡೂ ಇರಲಿ, ಸರ್ಕಾರಿ ಯೋಜನೆಗೆ ಬೇಕಾಗುತ್ತದೆ. ಎಲುಬಿಗೆ ಹರಡಿದೆಯೇ, ಕಾಯಬಹುದೇ ಎಂದು ಮೊದಲು ಕೇಳಿರಿ. ಡಾಕ್ಟರು ಒಳಗೆ ಕರೆದಾಗ ಮುತ್ಯಾನನ್ನು ಹೊರಗಿನ ಬೆಂಚಿನ ಮೇಲೆ ಕೂಡಿಸಿ ಹೋಗಬೇಡಿರಿ.