ಕಂಠಸಾಧನೆಯ ಕ್ರಮ: ಗಂಗೂಬಾಯಿ ಹಾನಗಲ್ಲರ ನಿದರ್ಶನ

ಇತಿಹಾಸಕಾರನಿಗೆ ಶಾಸನವುಂಟು, ನಾಣ್ಯವುಂಟು, ಕಡತವುಂಟು. ಗಾಯಕನ ಶಾರೀರಕ್ಕೆ ಮಾತ್ರ ಅಂತಹ ಆಧಾರವು ದುರ್ಲಭ. ಧ್ವನಿಮುದ್ರಣಕ್ಕೆ ಪೂರ್ವದ ಶಾರೀರಗಳೆಲ್ಲವೂ ಗಾಯಕರೊಡನೆಯೇ ಅಳಿದುವು. ಉಳಿದು ಬಂದಿರುವುದು ಅವುಗಳನ್ನು ರೂಪಿಸಿದ ಪಾಠಕ್ರಮ. ಶಾರೀರದ ಬಲವು ಹುಟ್ಟಿನಿಂದ ಬರುವುದೋ ಸಾಧನೆಯಿಂದ ಬರುವುದೋ ಎಂಬ ಪ್ರಶ್ನೆಯನ್ನು ಆ ಪಾಠಕ್ರಮದ ಬೆಳಕಿನಲ್ಲಿ ಇಲ್ಲಿ ಪರಿಶೀಲಿಸಿದ್ದೇವೆ.

ಕರ್ಣಾಟಕ ಸಂಗೀತದ ಪ್ರಾರಂಭಿಕ ಪಾಠಗಳನ್ನು ಪರಂಪರೆಯು ಪುರಂದರದಾಸರಿಗೆ ಸಲ್ಲಿಸುತ್ತದೆ. ಮಾಯಾಮಾಳವಗೌಳದಲ್ಲಿ ಸರಳೆ, ಬಳಿಕ ಜಂಟಿ, ದಾಟು, ಅಲಂಕಾರ; ಅನಂತರ ಮಲಹರಿಯ ಪಿಳ್ಳಾರಿ ಗೀತಗಳು. ಈ ಅನುಕ್ರಮವು ಯಾದೃಚ್ಛಿಕವಲ್ಲ. ಸರಳೆಯು ಒಂದೊಂದೇ ಸ್ವರವನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸಿ ಇಳಿಸುತ್ತದೆ. ಜಂಟಿಯು ಸ್ವರಕ್ಕೆ ಒತ್ತನ್ನು ಕಲಿಸುತ್ತದೆ. ದಾಟು ಸ್ವರಗಳನ್ನು ಹಾರಿ ನಿಲ್ಲುವ ಸ್ಥೈರ್ಯವನ್ನು ಕೊಡುತ್ತದೆ. ಒಂದೇ ಪಾಠವನ್ನು ಮೂರು ಕಾಲಗಳಲ್ಲಿ ಹಾಡುವಾಗ ಉಸಿರಿನ ಹಿಡಿತವು ತಾನಾಗಿ ಬಲಿಯುತ್ತದೆ. ಕಂಠಕ್ಕೆ ಹೊರೆಯು ಹಂತಹಂತವಾಗಿ ಏರುವುದೇ ಹೊರತು ಒಮ್ಮೆಲೇ ಬೀಳುವುದಿಲ್ಲ.

ಈ ತತ್ತ್ವದ ಕಠಿನ ಪರೀಕ್ಷೆಯು ನಡೆದುದು ಹಿಂದೂಸ್ಥಾನಿ ಸಂಗೀತದ ನೆಲೆಯಾದ ಧಾರವಾಡ ಪ್ರಾಂತದಲ್ಲಿ. ಗಂಗೂಬಾಯಿ ಹಾನಗಲ್ಲರು 1913ರಲ್ಲಿ ಧಾರವಾಡದಲ್ಲಿ ಜನಿಸಿದರು. ತಾಯಿ ಅಂಬಾಬಾಯಿಯವರು ಕರ್ಣಾಟಕ ಸಂಗೀತದ ಗಾಯಕಿ. 1930ರ ದಶಕದಲ್ಲಿ ಗಾಂಧಾರಿ ಎಂಬ ಹೆಸರಿನಿಂದ ಹೊರಬಂದ ಅವರ ಧ್ವನಿಮುದ್ರಿಕೆಗಳಲ್ಲಿ ಕೇಳುವುದು ತೆಳುವಾದ, ಎತ್ತರದ ಸ್ತ್ರೀಕಂಠ. ಮುಂದೆ ಗಂಟಲಿನ ಗ್ರಂಥಿಗಳಿಗೆ ನಡೆದ ಚಿಕಿತ್ಸೆಯ ಬಳಿಕ ಆ ಕಂಠವು ಮರಳಲಿಲ್ಲ. ಅದರ ಸ್ಥಾನದಲ್ಲಿ ಪುರುಷಕಂಠವನ್ನು ಹೋಲುವ ಗಂಭೀರ ನಾದವು ನೆಲೆಸಿತು. ಹೀಗೆ ಒಬ್ಬರದೇ ಎರಡು ಶಾರೀರಗಳಿಗೆ ಮುದ್ರಿತ ಸಾಕ್ಷ್ಯವಿರುವುದು ಅಪರೂಪ.

ಕಂಠದ ಮೇಲೆಯೇ ಜೀವನವನ್ನು ನಿಲ್ಲಿಸಿಕೊಂಡವರಿಗೆ ಇದು ಸಣ್ಣ ಆಘಾತವಲ್ಲ. ಅವರನ್ನು ಕಾಪಾಡಿದುದು ಎರಡು ಸಂಗತಿಗಳೆಂದು ನಮಗೆ ತೋರುತ್ತದೆ. ಮೊದಲನೆಯದು ಅಭ್ಯಾಸ. ಕುಂದಗೋಳದಲ್ಲಿದ್ದ ಗುರು ಸವಾಯಿ ಗಂಧರ್ವರಲ್ಲಿಗೆ ಅವರು ಹುಬ್ಬಳ್ಳಿಯಿಂದ ರೈಲಿನಲ್ಲಿ ಹೋಗಿ ಬರುತ್ತಿದ್ದರು. ಅಲ್ಲಿ ರಾಗಗಳ ಸಂಖ್ಯೆಗಿಂತ ಕೆಲವೇ ಸ್ವರಪುಂಜಗಳನ್ನು ದಿನಗಟ್ಟಲೆ ತಿದ್ದುವುದಕ್ಕೆ ಪ್ರಾಧಾನ್ಯವಿದ್ದಿತು. ಎರಡನೆಯದು ಹಾಡಲು ಆರಿಸಿಕೊಂಡ ವಸ್ತು. ಕಿರಾಣಾ ಘರಾಣೆಯ ವಿಲಂಬಿತ ಖಯಾಲು ಕೆಳಗಿನ ಸ್ವರಗಳಿಂದ ಹೊರಟು ಒಂದೊಂದೇ ಸ್ವರವನ್ನು ಅರಳಿಸುತ್ತ ತಾರಷಡ್ಜವನ್ನು ಸೇರುತ್ತದೆ. ಭಾರವಾದ ಕಂಠಕ್ಕೆ ಅದು ಒಗ್ಗುವ ಮಾರ್ಗ. ಮೊದಲು ಠುಮರಿ, ಭಜನೆಗಳನ್ನೂ ಹಾಡುತ್ತಿದ್ದ ಅವರು ಮುಂದೆ ಅವುಗಳನ್ನು ತೊರೆದು ಖಯಾಲಿನಲ್ಲಿಯೇ ನಿಂತರು. ಕಳೆದುಹೋದ ಕಂಠವನ್ನು ಬೆನ್ನಟ್ಟದೆ, ಇದ್ದ ಕಂಠಕ್ಕೆ ತಕ್ಕುದನ್ನು ಹಾಡಿದರು. ಫಲವು ಪ್ರತ್ಯಕ್ಷ: 2006ರಲ್ಲಿ, ತೊಂಬತ್ತು ದಾಟಿದ ವಯಸ್ಸಿನಲ್ಲಿಯೂ ಅವರು ವೇದಿಕೆಯಲ್ಲಿ ಹಾಡಿದರು. 2009ರಲ್ಲಿ ನಿಧನರಾದರು.

ಆದುದರಿಂದ ಶಾರೀರದ ಬಲವೆಂದರೆ ಕೇವಲ ಗಟ್ಟಿಯಾಗಿ ಹಾಡುವ ಶಕ್ತಿಯಲ್ಲ, ಹುಟ್ಟಿನಿಂದ ಬಂದ ಮಾಧುರ್ಯವೂ ಅಲ್ಲ. ನಿತ್ಯವೂ ನಿಯತ ಕಾಲದಲ್ಲಿ ಮಿತವಾಗಿ ಮಾಡುವ ಸಾಧನೆ, ಕೆಳಸ್ಥಾಯಿಯಿಂದ ಮೇಲಕ್ಕೆ ಸಾಗುವ ಕ್ರಮ, ತನ್ನ ಕಂಠದ ಎಲ್ಲೆಯನ್ನರಿತು ಆರಿಸಿದ ಶ್ರುತಿ ಮತ್ತು ಕೃತಿ ಇವುಗಳ ಒಟ್ಟು ಫಲವೇ ಅದು. ನೋವು ತೋರಿದ ಕಂಠಕ್ಕೆ ವಿಶ್ರಾಂತಿಯೇ ಮೊದಲ ಔಷಧ. ಜ್ಞಾನಭಾರತಿಯ ಆವರಣದಲ್ಲಿ ಸಂಗೀತವನ್ನು ಅಭ್ಯಸಿಸುವವರು ಇತರರ ಶ್ರುತಿಯನ್ನು ಅನುಕರಿಸುವ ಮುನ್ನ ಈ ನಿದರ್ಶನವನ್ನು ಮನನಮಾಡುವುದು ಯುಕ್ತವೆಂದು ನಮ್ಮ ಅಭಿಪ್ರಾಯ.